ಎಸಿ ಹಾಕಿದರೆ ಏರುವ ನದಿ

ಬೇಸಿಗೆಯಲ್ಲಿ ಉಣ್ಣೆಯ ಕಾಲುಚೀಲ ಕೊಳ್ಳುವವರು ಲೋಕದಲ್ಲಿ ಬಹಳ ಮಂದಿ ಇರಲಾರರು. ಹೊರಗೆ ಮೂವತ್ತೈದು ಡಿಗ್ರಿ ಸೆಕೆ; ಕಾರಿನಿಂದಿಳಿದು ಅಂಗಡಿಯ ಬಾಗಿಲು ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಅಂಥ ಜುಲೈ ಮಧ್ಯಾಹ್ನ ಕೌಂಟರಿನ ಮುಂದೆ ನಿಂತು ‘ಇದಕ್ಕಿಂತ ದಪ್ಪದ್ದು ಇಲ್ಲವೇ?’ ಎಂದು ವಿಚಾರಿಸಿದರೆ ಬೇರೆ ಊರಿನ ಅಂಗಡಿಯವನು ಒಮ್ಮೆ ಮೇಲಿಂದ ಕೆಳಗೆ ನೋಡಿಯಾನು. ಅಟ್ಲಾಂಟಾದ ಉತ್ತರದ ಬಡಾವಣೆಗಳಲ್ಲಿ ಹಾಗಾಗುವುದಿಲ್ಲ. ‘ಹೂಚ್‌ಗಾ?’ ಎಂದಷ್ಟೇ ಕೇಳಿ, ಒಳಗಿನಿಂದ ಇನ್ನೊಂದು ಜೊತೆ ತಂದಿಡುತ್ತಾನೆ. ಚಾಟಹೂಚಿ ನದಿಯನ್ನು ಇಲ್ಲಿಯವರು ಪ್ರೀತಿಯಿಂದ ಕರೆಯುವುದೇ ಹೂಚ್ ಎಂದು. ಅದರಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಲು ಇಳಿದವನಿಗೆ ಸೊಂಟದ ಮೇಲೆ ಒಂದು ಋತು, ಸೊಂಟದ ಕೆಳಗೆ ಇನ್ನೊಂದು. ತಲೆಗೆ ಅಗಲ ಟೋಪಿ, ಮೂಗಿಗೆ ಬಿಸಿಲಿನ ಕ್ರೀಮು, ಕಾಲಿಗೆ ಎರಡು ಪದರ ಉಣ್ಣೆ, ಅದರ ಮೇಲೆ ಎದೆಯವರೆಗೆ ಬರುವ, ನೀರು ಒಳಗೆ ಬಿಡದ ವೇಡರ್. ಇಷ್ಟೆಲ್ಲ ತೊಟ್ಟು ಬೆಳಕು ಹರಿಯುವ ಮೊದಲೇ ಹೊರಟ ನನ್ನನ್ನು ನೋಡಿ ಹೆಂಡತಿ, ‘ದೀಪಾವಳಿಯ ಎಣ್ಣೆನೀರಿಗೂ ಇಷ್ಟು ಬೇಗ ಎದ್ದವರಲ್ಲ ನೀವು’ ಎನ್ನುತ್ತಾಳೆ.

ಈ ಚಳಿ ಆ ನದಿಗೆ ಹುಟ್ಟಿನಿಂದ ಬಂದದ್ದಲ್ಲ. ಮಾಡಿಕೊಟ್ಟದ್ದು ಬ್ಯೂಫರ್ಡ್ ಅಣೆಕಟ್ಟು. ಅಮೆರಿಕದ ಸೇನೆಯ ಎಂಜಿನಿಯರುಗಳು 1950ರಲ್ಲಿ ಕೆಲಸ ಹಿಡಿದು, ಆ ದಶಕ ಮುಗಿಯುವಷ್ಟರಲ್ಲಿ ಅಣೆಯ ಹಿಂದೆ ಲೇನಿಯರ್ ಎಂಬ ದೊಡ್ಡ ಜಲಾಶಯವನ್ನು ತುಂಬಿಸಿ ನಿಲ್ಲಿಸಿದರು. ಚಳಿಗಾಲದಲ್ಲಿ ಅದರ ನೀರು ಮೇಲಿಂದ ತಳದವರೆಗೆ ಒಂದೇ ಸಮ ತಣ್ಣಗಾಗಿ ಕಲೆತುಹೋಗಿರುತ್ತದೆ. ವಸಂತದ ಬಿಸಿಲು ಬಿದ್ದಂತೆ ಮೇಲಿನ ನೀರು ಬೆಚ್ಚಗಾಗಿ ಹಗುರವಾಗುತ್ತದೆ. ತಣ್ಣನೆಯದು ಭಾರ, ಅದು ತಳ ಬಿಟ್ಟು ಏಳುವುದಿಲ್ಲ. ಜೂನ್ ಹೊತ್ತಿಗೆ ಇಬ್ಬರ ನಡುವೆ ಮಾತುಕತೆಯೇ ನಿಂತಿರುತ್ತದೆ. ಮೇಲೆ ಜನ ದೋಣಿ ಓಡಿಸಿ, ಮಕ್ಕಳನ್ನು ಈಜಿಸಿ ನಲಿಯುತ್ತಿದ್ದರೆ ಕೆಳಗೆ ಕತ್ತಲಲ್ಲಿ ಹೋದ ಜನವರಿಯ ನೀರು ಹಾಗೆಯೇ ಕೂತಿರುತ್ತದೆ. ಟರ್ಬೈನಿಗೆ ನೀರೊಯ್ಯುವ ಕೊಳವೆ ಬಾಯಿ ತೆರೆಯುವುದು ಆ ಆಳದಲ್ಲಿ. ಹಾಗಾಗಿ ಜುಲೈನಲ್ಲಿ ಅಣೆಯಿಂದಾಚೆ ಹೊರಬರುವುದು ಹತ್ತು ಡಿಗ್ರಿಯ ಆಸುಪಾಸಿನ, ಶುದ್ಧ ಚಳಿಗಾಲದ ದಾಸ್ತಾನು.

ಟ್ರೌಟಿಗೆ ಬೇಕಾದ್ದು ಅದೇ. ನೀರು ಇಪ್ಪತ್ತು ಡಿಗ್ರಿ ದಾಟಿದರೆ ಅದರ ಜೀವಕ್ಕೆ ಸಂಕಟ. ಬೆಚ್ಚಗಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೇಸಿಗೆಯಲ್ಲಿ ಬೆಟ್ಟದ ತೊರೆಗಳಿಗೆ ಹೋದ ಮರ್ಯಾದಸ್ಥ ಗಾಳದವನು ಮೊದಲು ಥರ್ಮಾಮೀಟರು ಮುಳುಗಿಸುತ್ತಾನೆ. ಅಂಕಿ ಏರಿದ್ದರೆ ಮೀನಿಗೆ ತೊಂದರೆ ಕೊಡದೆ ಕೋಲು ಬಿಚ್ಚಿಕೊಂಡು ಮನೆಗೆ ಹೊರಡುತ್ತಾನೆ. ಅಣೆಕಟ್ಟಿನ ಕೆಳಗಿನ ಈ ಟೇಲ್‌ವಾಟರಿನಲ್ಲಿ ಮಾತ್ರ ಬೇಸಿಗೆಯುದ್ದಕ್ಕೂ ಅಂಗಡಿ ತೆರೆದೇ ಇರುತ್ತದೆ. ನಾವು ಶರಾವತಿಯ ಹಿನ್ನೀರು ನೋಡಿ ಬೆಳೆದವರು. ನಮಗೆ ಅಣೆಕಟ್ಟು ಎಂದರೆ ಮೇಲಿನ ಕಡೆಯೇ: ಮುಳುಗಿದ ಊರು, ಲಾಂಚು, ದ್ವೀಪವಾದ ಗುಡ್ಡ. ಕೆಳಗಿನ ಕಡೆ ನೀರು ಏನು ಮಾಡುತ್ತದೆ ಎಂದು ತಿಳಿಯಲು ನಾನು ಜಾರ್ಜಿಯಾಕ್ಕೇ ಬರಬೇಕಾಯಿತು.

ಜಲಾಶಯದ ಹೆಸರಿನದೂ ಒಂದು ತಮಾಷೆ. ಸಿಡ್ನಿ ಲೇನಿಯರ್ ಹತ್ತೊಂಬತ್ತನೆಯ ಶತಮಾನದ ಜಾರ್ಜಿಯಾದ ಕವಿ. 1877ರಲ್ಲಿ ಚಾಟಹೂಚಿಯ ಮೇಲೆ ಒಂದು ಪ್ರಸಿದ್ಧ ಕವಿತೆ ಬರೆದ. ಅದರಲ್ಲಿ ದಾರಿಯ ಹುಲ್ಲು, ಮರ, ಕಲ್ಲು ಎಲ್ಲವೂ ನಿಲ್ಲು ನಿಲ್ಲು ಎಂದು ಅಡ್ಡಗಟ್ಟಿದರೂ, ಬಯಲಿನಲ್ಲಿ ತನಗೆ ಕೆಲಸವಿದೆ ಎಂದು ನದಿ ಯಾರಿಗೂ ನಿಲ್ಲದೆ ಹರಿದು ಹೋಗುತ್ತದೆ. ಮುಂದೆ ಅದೇ ನದಿಯನ್ನು ಕಾಂಕ್ರೀಟು ಮಣ್ಣು ಹಾಕಿ ನಿಲ್ಲಿಸಿದವರು, ನಿಂತ ನೀರಿಗೆ ಆ ಕವಿಯ ಹೆಸರನ್ನೇ ಇಟ್ಟರು. ಸರ್ಕಾರಗಳಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಇನ್ನೊಮ್ಮೆ ಯೋಚಿಸಬೇಕು.

ಬೇಸಿಗೆಯಲ್ಲಿ ಲೇನಿಯರ್ ತುಂಬಿದ ಮಟ್ಟ ಸಮುದ್ರಮಟ್ಟದಿಂದ 1,071 ಅಡಿ. ಮಂಡ್ಯದವರು 124.80 ಎಂಬ ಅಂಕಿಯನ್ನು ಕೇಳಿದೊಡನೆ ಮುಖ ಅರಳಿಸುವುದನ್ನು ಬಲ್ಲ ನನಗೆ, ಇಲ್ಲಿನವರು ಮಳೆಗಾಲವಲ್ಲದ ಕಾಲದಲ್ಲೂ ಜಲಾಶಯದ ಅಡಿ ಲೆಕ್ಕ ಹೇಳಿಕೊಳ್ಳುವುದನ್ನು ಕೇಳಿ ಊರಿನ ನೆನಪಾಯಿತು. ಅಡಿ ಲೆಕ್ಕ ಇದ್ದಲ್ಲಿ ಜಗಳವೂ ಇರಬೇಕಲ್ಲ. ಇದೆ. ಮೇಲೆ ಜಾರ್ಜಿಯಾ, ಕೆಳಗೆ ಅಲಬಾಮಾ ಮತ್ತು ಫ್ಲಾರಿಡಾ. ಮೇಲಿನವರು ನೀರನ್ನೆಲ್ಲ ಬಳಸಿಬಿಡುತ್ತಾರೆ, ಕಡಲು ಸೇರುವಲ್ಲಿ ನಮ್ಮ ಅಪಲಾಚಿಕೋಲಾ ಕೊಲ್ಲಿಯ ಸಿಂಪಿಗಳು ನಾಶವಾದವು ಎಂದು ಫ್ಲಾರಿಡಾ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ನ್ಯಾಯಾಲಯ 2021ರಲ್ಲಿ ಜಾರ್ಜಿಯಾದ ಪರ ತೀರ್ಪು ಕೊಟ್ಟಿತು. ಆಫೀಸಿನಲ್ಲಿ ಈ ಚರ್ಚೆ ಎದ್ದಾಗಲೆಲ್ಲ ಕನ್ನಡದವರಾದ ನಾವು ಸಹಜವಾಗಿ ಜಾರ್ಜಿಯಾದ ಕಡೆ ವಾದಿಸಿದೆವು. ಮೇಲ್ದಂಡೆಯವರ ವಾದ ನಮಗೆ ಬಾಲ್ಯದಿಂದ ಬಾಯಿಪಾಠ.

ಆದರೆ ಮೀನು ಹಿಡಿಯುವವನಿಗೆ ಮೂರು ರಾಜ್ಯಗಳ ಜಗಳಕ್ಕಿಂತ ಹತ್ತಿರದ್ದು ಇನ್ನೊಂದಿದೆ. ಅಣೆಕಟ್ಟು ಇಡೀ ದಿನ ಒಂದೇ ಸಮ ನೀರು ಬಿಡುವುದಿಲ್ಲ. ಜಲವಿದ್ಯುತ್ತಿನ ಗುಣವೇ ಅದು: ಬೇಕೆಂದಾಗ ತಿರುಗಿಸಬಹುದು, ಬೇಡವೆಂದಾಗ ನಿಲ್ಲಿಸಬಹುದು. ಹಾಗಾಗಿ ಅದನ್ನು ಬೇಡಿಕೆ ಏರುವ ಹೊತ್ತಿಗೆ ಕಾಯ್ದಿಡುತ್ತಾರೆ. ಬೇಸಿಗೆಯ ವಾರದ ದಿನಗಳಲ್ಲಿ ಬೇಡಿಕೆ ಏರುವುದು ಮಧ್ಯಾಹ್ನ ಇಳಿದ ಮೇಲೆ, ಊರಿನ ಮನೆಮನೆಯ ಎಸಿ ಒಟ್ಟಿಗೆ ಗುಂಯ್‌ಗುಟ್ಟುವಾಗ. ಬೆಳಿಗ್ಗೆ ಮೊಣಕಾಲುದ್ದ ಇದ್ದ ನದಿ ಟರ್ಬೈನು ತಿರುಗಿದ ಕೆಲವೇ ನಿಮಿಷಗಳಲ್ಲಿ ಅಣೆಯ ಬುಡದಲ್ಲಿ ಆಳೆತ್ತರ ದಾಟುತ್ತದೆ. ಅದಕ್ಕೇ ಅಲ್ಲಿ ಸೈರನ್ ಕೂಗುತ್ತದೆ. ಕಾರಿನ ರೇಡಿಯೋದಲ್ಲಿ ಎಎಂ 1610ಕ್ಕೆ ತಿರುಗಿಸಿದರೆ ಇಂದು ಎಷ್ಟು ಗಂಟೆಗೆ ನೀರು ಬಿಡುತ್ತಾರೆಂದು ಒಂದು ಧ್ವನಿ ಓದುತ್ತಿರುತ್ತದೆ. ಅಣೆಯಿಂದ ಹೈವೇ 20ರ ಸೇತುವೆಯವರೆಗೆ ಲೈಫ್ ಜಾಕೆಟ್ ತೊಟ್ಟೇ ನೀರಿಗಿಳಿಯಬೇಕೆಂದು ಕಾನೂನು. ಬಿಟ್ಟ ನೀರು ಕೆಳಗಿನ ಸೇತುವೆಗಳನ್ನು ಮುಟ್ಟಲು ಗಂಟೆಗಟ್ಟಲೆ ಬೇಕು. ಎಲ್ಲಿ ಎಷ್ಟು ಹೊತ್ತಿಗೆ ಬಂದೀತೆಂದು ಲೆಕ್ಕ ಹಾಕಿ, ಅಲೆಗಿಂತ ಒಂದು ಸೇತುವೆ ಮುಂದೆ ಇರುವುದೇ ಇಲ್ಲಿಯ ಹಳಬರ ಜಾಣತನ. ಸಾಫ್ಟ್‌ವೇರ್ ಕೆಲಸದವನು ಈ ವೇಳಾಪಟ್ಟಿಯನ್ನು ಎಷ್ಟು ಭಕ್ತಿಯಿಂದ ಓದುತ್ತಾನೆಂದರೆ, ಅದರ ಅರ್ಧದಷ್ಟು ಭಕ್ತಿ ಪ್ರಾಜೆಕ್ಟಿನ ಗಡುವಿಗೆ ಸಿಕ್ಕಿದ್ದರೆ ಮ್ಯಾನೇಜರು ಕೈಮುಗಿಯುತ್ತಿದ್ದರು.

ಇನ್ನು ಮೀನಿನ ವಿಷಯ. ಅಣೆ ಬರುವ ಮೊದಲು ಇಲ್ಲಿ ಬೆಚ್ಚಗಿನ ನೀರಿನ ಮೀನುಗಳಿದ್ದವು. ಕಲ್ಲುಹಾಸಿನ ಹರಿವನ್ನೇ ನಂಬಿದ ಶೋಲ್ ಬಾಸ್ ಎಂಬುದು ಈ ನದಿಯ ಸ್ವಂತ ಕುಲ. ಚಳಿನೀರು ಬಂದು ಅದಕ್ಕೆ ಇಲ್ಲಿ ನೆಲೆ ತಪ್ಪಿತು. ಖಾಲಿಯಾದ ಮನೆಗೆ ಹೊರಗಿನವರನ್ನು ಕರೆತಂದರು. ಕಾಮನಬಿಲ್ಲಿನ ಪಟ್ಟೆಯ ರೇನ್‌ಬೋ ಟ್ರೌಟ್ ಮೂಲದಲ್ಲಿ ಪೆಸಿಫಿಕ್ ಕಡಲಿನ ಕಡೆಯದು. ಕಂದು ಬಣ್ಣದ ಬ್ರೌನ್ ಟ್ರೌಟ್ ಯುರೋಪಿನದು. ಅದರ ಮೊಟ್ಟೆಗಳು 1883ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದವು. ಇವೆರಡರ ಸ್ಥಿತಿಗತಿ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ರೇನ್‌ಬೋ ಇಲ್ಲಿ ಎಚ್-1ಬಿ ವೀಸಾದ ಮೇಲಿದೆ: ನದಿಯ ಪಕ್ಕದ ಮರಿಕೇಂದ್ರದಲ್ಲಿ ಸಾಕಿ, ಲಾರಿಯಲ್ಲಿ ತಂದು ಸುರಿಯುತ್ತಿರಬೇಕು, ನಿಲ್ಲಿಸಿದರೆ ಲೆಕ್ಕ ಕರಗುತ್ತದೆ. ಬ್ರೌನ್‌ಗೆ ಗ್ರೀನ್ ಕಾರ್ಡು ಸಿಕ್ಕಿದೆ: ಕಲ್ಲಿನ ಸಂದಿಯಲ್ಲಿ ತಾನೇ ಮೊಟ್ಟೆಯಿಟ್ಟು, ಇಲ್ಲೇ ಹುಟ್ಟಿದ ಮಕ್ಕಳೊಂದಿಗೆ ಸಂಸಾರ ಹೂಡಿ, ಲಾರಿಯ ಹಂಗಿಲ್ಲದೆ ಬದುಕುತ್ತಿದೆ. ಜಾರ್ಜಿಯಾ ರಾಜ್ಯದ ದಾಖಲೆಯ ಬ್ರೌನ್ ಟ್ರೌಟ್, ಒಂಬತ್ತು ಕಿಲೋ ಮೀರಿದ್ದು, 2014ರ ಬೇಸಿಗೆಯಲ್ಲಿ ಸಿಕ್ಕಿದ್ದು ಇದೇ ನದಿಯಲ್ಲಿ.

ಇಂಥ ಮೀನಿಗೆ ನಾವು ಒಡ್ಡುವುದು ಫ್ಲೈ. ಎರೆಹುಳುವಿಲ್ಲ, ಹಿಟ್ಟಿನುಂಡೆಯಿಲ್ಲ, ಕೊಕ್ಕೆಗೆ ದಾರ, ಗರಿ, ಪ್ರಾಣಿಯ ಕೂದಲು ಸುತ್ತಿ ಮಾಡಿದ ಹುಸಿ ಹುಳು. ಈ ಮೋಸ ಹಳೆಯದು. ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ರೋಮಿನ ಈಲಿಯನ್ ಸುಮಾರು 1,800 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಸಾಮಾನ್ಯ ಗಾಳದಲ್ಲಿ ತುದಿಯ ತೂಕ ದಾರವನ್ನು ಎಳೆದುಕೊಂಡು ಹಾರುತ್ತದೆ. ಇಲ್ಲಿ ಹುಳುವಿಗೆ ತೂಕವೇ ಇಲ್ಲ. ತೂಕವೆಲ್ಲ ದಪ್ಪ ದಾರದಲ್ಲಿ. ಎಸೆಯುವುದು ದಾರವನ್ನು, ಹುಳು ಸುಮ್ಮನೆ ಜೊತೆಗೆ ಹೋಗುತ್ತದೆ. ಕೋಲನ್ನು ಹಿಂದಕ್ಕೆ ತಂದು, ಬೆನ್ನ ಹಿಂದೆ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ. ಆ ಕಾಯುವ ಕ್ಷಣವೇ ವಿದ್ಯೆ. ಬಲ ಹಾಕಿದಷ್ಟೂ ದಾರ ಕಾಲ ಬುಡದಲ್ಲೇ ಬೀಳುತ್ತದೆ. ಜಿಮ್ಮಿಗೆ ಹೋಗುವ ಹುಡುಗರು ಒದ್ದಾಡುವುದನ್ನೂ, ಎಪ್ಪತ್ತು ದಾಟಿದವರು ಎರಡು ಬೆರಳಿನಲ್ಲಿ ನದಿಯ ಆಚೆ ದಡಕ್ಕೆ ದಾರ ಕಳಿಸುವುದನ್ನೂ ಒಂದೇ ಬೆಳಿಗ್ಗೆ ನೋಡಬಹುದು.

ನನಗೆ ಇದನ್ನು ಕಲಿಸಿದವರು ಪಕ್ಕದ ಮನೆಯ ನಿವೃತ್ತ ಮೇಷ್ಟರು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಎಲ್ಕ್ ಜಿಂಕೆಯ ಕೂದಲು, ಫೆಸೆಂಟ್ ಹಕ್ಕಿಯ ಬಾಲದ ಗರಿ, ತಾಮ್ರದ ತಂತಿ, ನವಿಲುಗರಿ, ಎಲ್ಲವೂ ಹೆಸರು ಬರೆದ ಡಬ್ಬಿಗಳಲ್ಲಿ. ವರ್ಷವಿಡೀ ತಣ್ಣಗಿರುವ ಈ ನೀರಿನಲ್ಲಿ ಹೆಚ್ಚಾಗಿ ಹುಟ್ಟುವುದು ಮಿಡ್ಜ್ ಎಂಬ ಪುಟ್ಟ ಹುಳು, ನಮ್ಮ ಕಣ್ಣಿಗೆ ಗುಂಗುರು. ಅದರ ನಕಲಿಗೆ ಇಪ್ಪತ್ತೆರಡನೇ ನಂಬರಿನ ಕೊಕ್ಕೆ. ಇಲ್ಲಿ ನಂಬರು ಏರಿದಷ್ಟು ಕೊಕ್ಕೆ ಕುಗ್ಗುತ್ತದೆ. ಕಪ್ಪು ದಾರ ಸುತ್ತಿ, ಅದರ ಮೇಲೆ ಬೆಳ್ಳಿಬಣ್ಣದ ತಂತಿಯನ್ನು ಅಡ್ಡಡ್ಡ ಹಾಯಿಸಿ, ತಲೆಗೊಂದು ಮಣಿ ಪೋಣಿಸಿದರೆ ಜೀಬ್ರಾ ಮಿಡ್ಜ್ ಸಿದ್ಧ. ಅಂಗೈ ಮೇಲಿಟ್ಟು ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದರ ಕಣ್ಣಿನೊಳಗೆ ತಲೆಗೂದಲಿಗಿಂತ ಸ್ವಲ್ಪ ದಪ್ಪದ ಎಳೆ ಪೋಣಿಸಬೇಕು. ನೀರು ತಣ್ಣಗೆ, ಗಾಳಿ ಬೆಚ್ಚಗೆ. ಬೆಳಗಿನ ಮಂಜು ನದಿಯ ಮೇಲೆ ಎದೆಯೆತ್ತರ ಕವಿದಿರುತ್ತದೆ. ಕನ್ನಡಕ ಒರೆಸಿದಷ್ಟೂ ಮಸುಕು. ಆಗ ಮೇಷ್ಟರು ಕನ್ನಡಕ ತೆಗೆದು ಹಣೆಗೇರಿಸಿ, ಕೊಕ್ಕೆಯನ್ನು ಆಕಾಶದ ಬೆಳಕಿಗೆ ಹಿಡಿದು, ಬಾಯಿ ಅರ್ಧ ತೆರೆದು ಎಳೆಯನ್ನು ತೂರಿಸುತ್ತಾರೆ. ಅಷ್ಟು ಹೊತ್ತು ಅಮೆರಿಕದ ರಾಜಕೀಯದ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇರುವುದಿಲ್ಲ.

ಹೋದ ಬೇಸಿಗೆಯಲ್ಲಿ ಶೃಂಗೇರಿಯ ಕಡೆಯಿಂದ ಅಮ್ಮ ಬಂದಿದ್ದಳು. ಮೇಷ್ಟರ ಗ್ಯಾರೇಜು ನೋಡಿ ಅವಳಿಗೆ ಮೊದಲು ಕಂಡದ್ದು ನವಿಲುಗರಿ. ‘ಕೃಷ್ಣನ ತಲೆ ಮೇಲಿರೋದನ್ನ ಮೀನಿನ ಬಾಯಿಗೆ ಹಾಕ್ತಾರಲ್ಲೋ’ ಎಂದಳು. ನಾನು ಅನುವಾದಿಸಿದ್ದು, ಗರಿ ಬಹಳ ಚೆನ್ನಾಗಿದೆಯಂತೆ ಎಂದು. ತುಂಗೆಯ ದಡದಲ್ಲಿ ಬೆಳೆದವಳಿಗೆ ಮೀನು ಎಂದರೆ ಮಠದ ಮೆಟ್ಟಿಲ ಬುಡದಲ್ಲಿ ಗುಂಪುಗೂಡಿ ಬಾಯಿ ತೆರೆಯುವ, ಯಾರೂ ಮುಟ್ಟದ, ಮಂಡಕ್ಕಿ ತಿನ್ನುವ ಮೀನು. ‘ಇವಕ್ಕೆ ಒಂದು ಮುಷ್ಟಿ ಮಂಡಕ್ಕಿ ಹಾಕಿದ್ರೆ ತಾವೇ ಬತ್ತಿದ್ವಲ್ಲ’ ಎಂಬುದು ಅವಳ ಸಲಹೆ. ಹೈವೇ 20ರಿಂದ ಮೆಡ್ಲಾಕ್ ಸೇತುವೆಯವರೆಗೆ ಗಾಳಕ್ಕೆ ತಿನ್ನುವ ವಸ್ತು ಏನನ್ನೂ ಸಿಕ್ಕಿಸುವಂತಿಲ್ಲ, ಹುಸಿ ಹುಳುವೇ ಆಗಬೇಕು ಎಂಬ ನಿಯಮ ಹೇಳಿದೆ. ಮೋಸವನ್ನೇ ಕಡ್ಡಾಯ ಮಾಡಿದ ಕಾನೂನನ್ನು ಅವಳು ಮೊದಲ ಸಲ ಕೇಳಿದ್ದು.

ಮೀನು ಸಿಕ್ಕರೆ ಏನು ಮಾಡುತ್ತೇವೆ ಎಂಬುದು ಮುಂದಿನ ಪ್ರಶ್ನೆ. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಮಾಡಿಕೊಂಡ ಕೈ. ಮೀನಿನ ಮೂತಿಯನ್ನು ಹರಿವಿಗೆದುರಾಗಿ ಹಿಡಿದರೆ ಕಿವಿರು ಎರಡು ಸಲ ಅಗಲವಾಗಿ ತೆರೆದು, ಬಾಲಕ್ಕೆ ಬಲ ಬಂದು, ಕೈಯಿಂದ ಜಾರಿ ಹೋಗುತ್ತದೆ. ದಿನಕ್ಕೆ ಎಂಟರವರೆಗೆ ಮನೆಗೊಯ್ಯಲು ರಾಜ್ಯ ಅನುಮತಿ ಕೊಟ್ಟಿದೆ. ನಮ್ಮ ಅಡುಗೆಮನೆ ಕೊಟ್ಟಿಲ್ಲ. ‘ಹಿಡಿದ್ಮೇಲೆ ಬಿಡೋದಾದ್ರೆ ಹಿಡಿಯೋದು ಎಂತಕ್ಕೋ ಮಾರಾಯ?’ ಅಂದಳು ಅಮ್ಮ. ಆಟ ಎಂದೆ. ‘ಆಟ ನಿಂಗೆ. ತಿನ್ನೋಕೆ ಹಿಡಿಯೋನದ್ದು ಹೊಟ್ಟೆಪಾಡು. ನಿಂದು ಎಂತದ್ದು?’ ಈ ಪ್ರಶ್ನೆಗೆ ಉತ್ತರವಾಗಿ ನಾನು ದೊಡ್ಡವರ ಹೆಸರು ಹಿಡಿದೆ. ಈ ನದಿಯ ದಡವನ್ನು ರಾಷ್ಟ್ರೀಯ ವಿಹಾರಧಾಮ ಮಾಡಿದ ಕಾಯ್ದೆಗೆ 1978ರಲ್ಲಿ ಸಹಿ ಹಾಕಿದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವತಃ ಫ್ಲೈ ಗಾಳದ ಭಕ್ತರಾಗಿದ್ದರು. ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲರು ಭಾರತದ ಗಾಳದ ಮೀನುಗಾರಿಕೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನಮ್ಮ ಮಹಶೀರ್ ಅವರ ಕಣ್ಣಿನಲ್ಲಿ ಸಾಲ್ಮನ್‌ಗಿಂತ ಗಟ್ಟಿ ಮೀನು. ಅಮ್ಮ ಎಲ್ಲ ಕೇಳಿ, ‘ಕಲೆಕ್ಟರಿಗೆ ಆಗ ಕೆಲಸ ಕಮ್ಮಿ ಇತ್ತು ಅನ್ಸುತ್ತೆ’ ಅಂದಳು. ಅವಳ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ.

ಆದರೂ ಒಂದು ಬೆಳಿಗ್ಗೆ ನಮ್ಮ ಜೊತೆ ಸೆಟಲ್ಸ್ ಬ್ರಿಜ್‌ಗೆ ಬಂದಳು. ಅಲ್ಲಿ ಬಳಕೆ ತಪ್ಪಿದ ಹಳೆಯ ಕಬ್ಬಿಣದ ಸೇತುವೆಯೊಂದಿದೆ. ಮಡಚುವ ಕುರ್ಚಿಯ ಮೇಲೆ, ಸೀರೆಯ ಮೇಲೆ ಸ್ವೆಟರು ಹಾಕಿ, ಫ್ಲಾಸ್ಕಿನ ಕಾಫಿಯೊಂದಿಗೆ ಕೂತಳು. ಮಂಜು ಎದ್ದಂತೆ ನನ್ನೆದುರು ಒಂದು ಕಲ್ಲಿನ ಹಿಂದೆ ಬ್ರೌನ್ ಟ್ರೌಟ್ ಕಾಣಿಸಿತು. ಬೆನ್ನ ಮೇಲಿನ ಚುಕ್ಕೆಗಳನ್ನು ಎಣಿಸುವಷ್ಟು ಹತ್ತಿರ. ಕಲ್ಲಿನಿಂದ ಕಲ್ಲಿಗೆ ನೀರಿನ ವೇಗ ಬೇರೆ. ದಾರವನ್ನು ಒಂದು ಹರಿವು ಎಳೆದರೆ ಹುಳು ಅದರ ಜೊತೆ ಓಡುತ್ತದೆ, ನಿಜವಾದ ಹುಳು ಎಂದೂ ಹಾಗೆ ಓಡುವುದಿಲ್ಲ. ದಾರವನ್ನು ಮೆಲ್ಲನೆ ಮೇಲಕ್ಕೆ ತಿರುಗಿಸಿಟ್ಟೆ. ಫ್ಲೈ ನೇರವಾಗಿ, ಯಾರ ಹಂಗಿಲ್ಲದೆ ತೇಲಿಬಂತು. ಮೀನು ತಳ ಬಿಟ್ಟು ಎದ್ದಿತು. ಹುಳುವಿನ ಕೆಳಗೆ ಒಂದು ಬೆರಳಗಲ ಬಿಟ್ಟು ಮೂತಿಯಿಟ್ಟು, ಅದರ ಜೊತೆಯಲ್ಲೇ ಹಿಂದಹಿಂದಕ್ಕೆ ತೇಲುತ್ತ, ಒಂದು ಮಾರು ದೂರ ಪರೀಕ್ಷೆ ಮಾಡಿತು. ಬಾಯಿ ತೆರೆಯಲಿಲ್ಲ. ತಿರುಗಿತು, ಕಲ್ಲಿನ ಹಿಂದೆ ತನ್ನ ಜಾಗಕ್ಕೆ ಹೋಯಿತು. ಮರುಕ್ಷಣವೇ ಪಕ್ಕದಲ್ಲಿ ತೇಲಿಬಂದ ಅಸಲಿ ಗುಂಗುರನ್ನು ಯಾವ ವಿಚಾರಣೆಯೂ ಇಲ್ಲದೆ ನುಂಗಿತು. ದಡದಲ್ಲಿ ಅಮ್ಮ ಚಪ್ಪಾಳೆ ತಟ್ಟಿದಳು. ಯಾರಿಗೆಂದು ನಾನು ಕೇಳಲಿಲ್ಲ.

ಆ ಮೀನಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯೋಚಿಸಿ ನೋಡಿದರೆ ಈ ನದಿಯಲ್ಲಿ ಎಲ್ಲವೂ ಯಾರೋ ಮಾಡಿಟ್ಟದ್ದು. ಚಳಿ ಎಂಜಿನಿಯರುಗಳದ್ದು, ಹರಿವಿನ ವೇಳೆ ವಿದ್ಯುತ್ತಿನವರದ್ದು, ಮೀನಿನ ವಂಶ ಜರ್ಮನಿಯಿಂದ ತರಿಸಿದ್ದು, ಹುಳು ಮೇಷ್ಟರ ಗ್ಯಾರೇಜಿನದ್ದು, ಅದನ್ನೇ ಕಟ್ಟಬೇಕೆಂಬುದು ಸರ್ಕಾರದ್ದು, ಹಿಡಿದು ಬಿಡುವ ಪುಣ್ಯ ನನ್ನದು. ಇಷ್ಟೊಂದು ಏರ್ಪಾಟಿನ ನಡುವೆ ಬೇಡ ಎನ್ನುವುದೊಂದು ಮಾತ್ರ ಮೀನಿನ ಸ್ವಂತದ್ದು. ಯಾವ ಇಲಾಖೆಯೂ ಅದನ್ನು ಮಂಜೂರು ಮಾಡಿದ್ದಲ್ಲ. ಕಾಡಿನ ತೊರೆಯಲ್ಲಿ ಮೀನು ಹೀಗೆ ಮುಖ ತಿರುಗಿಸಿದ್ದರೆ ಪ್ರಕೃತಿ ಎಂದು ಸುಮ್ಮನಾಗುತ್ತಿದ್ದೆನೇನೋ. ಇಲ್ಲಿ, ಹೆದ್ದಾರಿಯ ಸದ್ದು ಕೇಳುವ ಈ ವೇಳಾಪಟ್ಟಿಯ ನದಿಯಲ್ಲಿ, ಅದರ ಬೇಡಕ್ಕೆ ಒಂದು ತೂಕವಿದೆ. ಬೆಳಿಗ್ಗೆ ಎದ್ದು ಉ‌ಣ್ಣೆ ತೊಟ್ಟು ನಾನು ಹೋಗುವುದು ಬಹುಶಃ ಅದನ್ನು ಕೇಳಿಸಿಕೊಳ್ಳಲಿಕ್ಕೆ.

ಅಮ್ಮನಿಗೆ ಈ ತತ್ವದಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವಳ ಮನಸ್ಸಿನಲ್ಲಿ ನಿಂತದ್ದು ಎಸಿಯ ಲೆಕ್ಕ. ಊರಿನವರೆಲ್ಲ ಎಸಿ ಹಾಕುವುದರಿಂದ ನೀರು ಬಿಡುತ್ತಾರೆ, ನೀರು ಬಿಡುವುದರಿಂದ ಮಗ ದಡ ಹತ್ತಬೇಕು ಎಂದರೆ, ಎಸಿ ಕಡಿಮೆ ಮಾಡಿದರೆ ಆಯಿತಲ್ಲ. ಮಾರನೆಯ ದಿನದಿಂದ ಮಧ್ಯಾಹ್ನ ಎರಡೂವರೆಗೆ ಸರಿಯಾಗಿ ಎದ್ದು ಹೋಗಿ ಗೋಡೆಯ ಥರ್ಮೋಸ್ಟಾಟನ್ನು ನಾಲ್ಕು ಡಿಗ್ರಿ ಏರಿಸಿಡತೊಡಗಿದಳು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ನನ್ನ ಹೆಂಡತಿ ಕಾಗದದಲ್ಲಿ ಗಾಳಿ ಬೀಸಿಕೊಳ್ಳುತ್ತ ಮೀಟಿಂಗು ಮುಗಿಸುತ್ತಿದ್ದಳು. ಮೇಷ್ಟರಿಗೆ ಸುದ್ದಿ ಮುಟ್ಟಿ ಅವರೂ ಸೇರಿಕೊಂಡರು. ಎರಡು ಮನೆಗಳ ಈ ಚಳವಳಿಯ ನಡುವೆಯೂ ನದಿ ರೇಡಿಯೋ ಹೇಳಿದ ಹೊತ್ತಿಗೇ ಏರಿತು. ಇಳಿದದ್ದು ನಮ್ಮ ಕರೆಂಟು ಬಿಲ್ಲು. ಅಮ್ಮ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಊರಿಗೆ ಹೋಗಿದ್ದಾಳೆ. ಈಗ ಭಾನುವಾರ ಫೋನು ಮಾಡಿದಾಗ ಮೊದಲು ಸೊಸೆಯ ಆರೋಗ್ಯ, ಆಮೇಲೆ ಥರ್ಮೋಸ್ಟಾಟಿನ ಅಂಕಿ, ಕೊನೆಗೆ ಮೀನು ಸಿಕ್ಕಿತಾ ಎಂದು ಕೇಳುತ್ತಾಳೆ. ಸಿಗಲಿಲ್ಲ ಎಂದರೆ ಖುಷಿಯಾಗಿ, ಇಲ್ಲಿ ತುಂಗೆಗೆ ಎಷ್ಟು ನೀರು ಬಂದಿದೆ ಎಂದು ಹೇಳಲು ಶುರುಮಾಡುತ್ತಾಳೆ.